ಕಿವಿರು ಕಂಡ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬೇಡಿ

ಮಳೆ ಹಿಡಿದು ಎರಡು ವಾರವಾಯಿತೆಂದರೆ ಶಿರಸಿ ಕಡೆಯ ಸೊಪ್ಪಿನ ಬೆಟ್ಟಗಳಲ್ಲಿ ಬಗೆಬಗೆಯ ಅಣಬೆ ಏಳುತ್ತವೆ. ಕೊಡೆ ಮಗುಚಿ, ಅಡಿಯಲ್ಲಿ ಕಿವಿರು, ಅಂದರೆ ತೆಳು ಹಾಳೆಯಂಥ ಮಡಿಕೆಗಳು, ಇದ್ದುದನ್ನೆಲ್ಲ ಒಂದೇ ಬಳಗ ಎನ್ನುವುದು ರೂಢಿ. ಸ್ವೀಡನ್ನಿನ ಅಣಬೆ ವಿಜ್ಞಾನಿ ಎಲಿಯಾಸ್ ಫ್ರೀಸ್ ಕೂಡ 1821ರಲ್ಲಿ ಇವುಗಳಲ್ಲಿ ಬಹುಪಾಲನ್ನು ಅಗಾರಿಕಸ್ ಎಂಬ ಒಂದೇ ಜಾತಿಯಡಿ ಇಟ್ಟು, ಬೀಜಕದ (ಅಣಬೆ ಉದುರಿಸುವ ಬೀಜದಂಥ ಸಣ್ಣ ಕಣ) ಬಣ್ಣ ನೋಡಿ ಒಳಪಾಲು ಮಾಡಿದ್ದರು. ಸಂಶೋಧಕ ಡೇವಿಡ್ ಹಿಬೆಟ್ ಮತ್ತು ಸಂಗಡಿಗರು 1997ರಲ್ಲಿ ಡಿಎನ್‌ಎ ಹೋಲಿಸಿದಾಗ, ಕಿವಿರು ಕನಿಷ್ಠ 6 ಸಲ ಬೇರೆಬೇರೆ ವಂಶಗಳಲ್ಲಿ ಹುಟ್ಟಿಕೊಂಡಿದೆ ಎಂದು ಕಂಡುಬಂತು. ಅಷ್ಟೇ ಅಗಲದ ಕೊಡೆಯಲ್ಲಿ ಹೆಚ್ಚು ಬೀಜಕ ಉದುರಿಸಲು ಮಡಿಕೆ ಒಳ್ಳೆಯ ಉಪಾಯ. ಹಲವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಧೂಪದ ಮರದ ಬುಡದಲ್ಲಿ ಸಿಗುವ ರಸ್ಸುಲಾ ಎಂಬ ಕಿವಿರಿನ ಅಣಬೆ ಇದಕ್ಕೆ ಒಳ್ಳೆಯ ಸಾಕ್ಷಿ. ದಂಟು ಬಗ್ಗಿಸಿ ನೋಡಿ: ನಾರು ಎಳೆಯದೆ ಬಳಪದ ಹಾಗೆ ಟಪ್ಪನೆ ಮುರಿಯುತ್ತದೆ. ಒಳಗೆ ಗುಂಡು ಕೋಶಗಳ ಗೊಂಚಲುಗಳಿರುವುದೇ ಕಾರಣ. ಅಂಗಡಿಯ ಬಟನ್ ಅಣಬೆಗಿಂತ ಇದಕ್ಕೆ ಹತ್ತಿರದ ನೆಂಟ ಯಾರೆಂದರೆ ಒಣಕೊಂಬೆಗೆ ಹೊಪ್ಪಳೆಯಂತೆ ಅಂಟಿರುವ ಸ್ಟೀರಿಯಂ. ಅದಕ್ಕೆ ಕಿವಿರೇ ಇಲ್ಲ! ಅತ್ತ ಬಟನ್ ಅಣಬೆಯ ಗಣದಲ್ಲೇ (ಹಲವು ಕುಟುಂಬ ಸೇರಿದ ದೊಡ್ಡ ಗುಂಪು) ಹೊಟ್ಟೆ ತುಂಬ ಪುಡಿ ಇಟ್ಟುಕೊಂಡ ಗುಂಡನೆಯ ಲೈಕೋಪರ್ಡಾನ್ ಇದೆ. ಕರಾವಳಿಯವರು ಇಷ್ಟಪಡುವ ಕಲ್ಲಣಬೆಯೂ ಗುಂಡಗೇ ಇರುತ್ತದೆ, ಆದರೆ ಅದು ಬೊಲೀಟಸ್ ಎಂಬ ಬೇರೆಯೇ ಗಣಕ್ಕೆ ಸೇರಿದ್ದು.

ಹಾಗೆಂದು ಬೀಜಕದ ಅಚ್ಚು, ಅಂದರೆ ಕೊಡೆಯಿಂದ ಉದುರಿದ ಬೀಜಕದ ಪುಡಿಯ ಗುರುತು, ತೆಗೆಯುವುದನ್ನು ಬಿಡಬೇಡಿ. ಪೂರ್ತಿ ಅರಳಿದ, ಆದರೆ ಕೊಳೆಯದ ಕೊಡೆ ಆರಿಸಿ ದಂಟನ್ನು ಕಿವಿರಿನ ಮಟ್ಟಕ್ಕೆ ಕತ್ತರಿಸಿ. ಕಿವಿರು ಕೆಳಗಾಗಿ ಗಾಜಿನ ಮೇಲಿಟ್ಟು ಬಟ್ಟಲು ಕವುಚಿ, 6ರಿಂದ 12 ತಾಸು ಬಿಡಿ. ನಮ್ಮ ಮಳೆಗಾಲಕ್ಕೆ ಕಾಗದ ಆಗಿಬರುವುದಿಲ್ಲ, ತೇವ ಹೀರಿ ಕಲೆ ಬೀಳುತ್ತದೆ. ತೊಯ್ದ ಕೊಡೆಯಾದರೆ ಮೊದಲು ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಇಲ್ಲದಿದ್ದರೆ ಅಚ್ಚಿನ ಬದಲು ಕಂದು ರಾಡಿ ಸಿಗುತ್ತದೆ. ಮೊಗ್ಗಿನಂಥ ಎಳೆಯದು ಏನನ್ನೂ ಉದುರಿಸದು. ಪುಡಿಯನ್ನು ಬ್ಲೇಡಿನಿಂದ ಒಟ್ಟುಗೂಡಿಸಿ ಹಗಲು ಬೆಳಕಿನಲ್ಲೇ ಬಣ್ಣ ನೋಡಿ. ತೆಳುವಾಗಿ ಹರಡಿದ ನಸುಗುಲಾಬಿ ಬಿಳಿಯಂತೆ ಮೋಸಮಾಡುತ್ತದೆ.

ಬಣ್ಣ ಗುರುತಿಸಲು ನೆರವಾಗುತ್ತದೆ, ವಂಶ ಹೇಳುವುದಿಲ್ಲ. ಎಂಟೊಲೋಮಾ, ಪ್ಲೂಟಿಯಸ್, ಗೆದ್ದಲಿನ ಹುತ್ತದ ಟರ್ಮಿಟೋಮೈಸಿಸ್ ಮೂರೂ ಗುಲಾಬಿ ಛಾಯೆಯ ಅಚ್ಚು ಕೊಡುತ್ತವೆ, ಕುಟುಂಬ ಮಾತ್ರ ಮೂರು. ಸೂಕ್ಷ್ಮದರ್ಶಕದಲ್ಲಿ ಎಂಟೊಲೋಮಾದ ಬೀಜಕಕ್ಕೆ ಮೂಲೆಗಳು ಕಾಣುತ್ತವೆ, ಟರ್ಮಿಟೋಮೈಸಿಸ್‌ನದು ನುಣುಪಾದ ಅಂಡಾಕಾರ. ಹುತ್ತದ್ದೆಂಬ ಅನುಮಾನವಿದ್ದರೆ ಕಿತ್ತು ಎಳೆಯಬೇಡಿ, ಬೇರಿನಂಥ ಬಾಲ ನೆಲದ ಮಟ್ಟಕ್ಕೇ ತುಂಡಾಗುತ್ತದೆ. ಸುತ್ತ ಅಗೆದು ಅದು ಗೆದ್ದಲಿನ ಗೂಡಿಗೆ ಇಳಿದಿದೆಯೇ ನೋಡಿ. ಇನ್ನು ಹುಲ್ಲಿನಲ್ಲಿ ಬರುವ ದೊಡ್ಡ ಬಿಳಿ ಕೊಡೆಯ ಅಚ್ಚು ಹಸಿರಾದರೆ ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್, ತಿಂದರೆ ವಾಂತಿಭೇದಿ. ಆದರೆ ಬೇರೆ ಬಣ್ಣ ಬಂತೆಂದು ತಿನ್ನಬಹುದೆಂದಲ್ಲ, ಪ್ರಾಣಕ್ಕೇ ಎರವಾಗುವ ಅಮಾನಿಟಾ ಅಣಬೆಗಳ ಅಚ್ಚು ಬಿಳಿಯೇ.

ಗೊಬ್ಬರಗುಂಡಿಯಲ್ಲಿ ಎದ್ದು ಕಪ್ಪು ಶಾಯಿಯಾಗಿ ಕರಗುವುದನ್ನೆಲ್ಲ ಹಿಂದೆ ಕಾಪ್ರಿನಸ್ ಎನ್ನುತ್ತಿದ್ದರು. 2001ರಲ್ಲಿ ಅದು ಒಡೆಯಿತು: ಕಾಪ್ರಿನಸ್ ಕೊಮೇಟಸ್ ಮತ್ತದರ ಕೆಲವು ಒಡಹುಟ್ಟುಗಳು ಬಟನ್ ಅಣಬೆಯ ಕುಟುಂಬದಲ್ಲೇ ಉಳಿದವು, ಮಿಕ್ಕವು ಸ್ಯಾಥಿರೆಲ್ಲಾ ಕುಟುಂಬಕ್ಕೆ ಹೋದವು. ಸಂಗ್ರಹಿಸಿದ ಅಣಬೆಗಳ ಹಳೇ ಚೀಟಿಗಳಲ್ಲಿ ಬರೀ ‘ಕಾಪ್ರಿನಸ್’ ಎಂದಿದ್ದರೆ ಈಗ ಬಿಡಿಸುವುದು ಕಷ್ಟ. ಹೆಸರಿನ ಜೊತೆ ಬೆಳೆದ ಜಾಗ, ದಂಟಿನಲ್ಲಿ ಉಂಗುರವಿತ್ತೇ, ಅಚ್ಚಿನ ಬಣ್ಣ ಯಾವುದು ಎಂಬುದನ್ನೂ ಅಂದೇ ಬರೆದಿಡಿ.