ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿ

ಸಂಜೆ ಹೊತ್ತು ಮುಳ್ಳಯ್ಯನಗಿರಿ ಹತ್ತಿದವರೆಲ್ಲ ಪಡುವಣಕ್ಕೆ ತಿರುಗಿ, ಮುಳುಗುವ ಸೂರ್ಯನತ್ತ ಮೊಬೈಲ್ ಹಿಡಿದಿರುತ್ತಾರೆ. ಹಸ್ತ, ಚಿತ್ತೆ ಮಳೆಗಳ ದಿನಗಳಲ್ಲಿ ನಿಜವಾದ ಚಿತ್ರ ಇರುವುದು ಅವರ ಬೆನ್ನ ಹಿಂದೆ. ಕಡೂರು, ಅರಸೀಕೆರೆ ಕಡೆಯ ಬಯಲಿನ ಮೇಲೆ ಮೋಡ ಕಪ್ಪು ಗೋಡೆಯಂತೆ ಎದ್ದಿರುತ್ತದೆ. ಸಮುದ್ರದ ದಿಕ್ಕಿನಿಂದ ಬಂದ ಇಳಿಬಿಸಿಲು ಅದರ ಮುಂದಿನ ಹುಲ್ಲುಗುಡ್ಡಗಳ ಮೇಲೆ ಮಾತ್ರ ಬಿದ್ದಿರುತ್ತದೆ. ಇಂಥ ಬೆಳಕನ್ನು ಅದೃಷ್ಟ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣಗಳಿವೆ, ತಿಳಿದವರು ಕಾದು ಪಡೆಯಬಹುದು.

ಆರಿದ್ರಾ ಮಳೆಯಲ್ಲಿ ಇದು ಸಿಗುವುದು ಅಪರೂಪ. ಆಗ ಅರಬ್ಬಿ ಸಮುದ್ರದ ತೇವದ ಗಾಳಿ ಬಿಡುವಿಲ್ಲದೆ ಘಟ್ಟಕ್ಕೆ ಬಡಿದು ಮೇಲೇರುತ್ತಿರುತ್ತದೆ. ಮೇಲೇರಿದಂತೆ ಒತ್ತಡ ತಗ್ಗುತ್ತದೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ: ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್, ಮೋಡ ಕಟ್ಟತೊಡಗಿದ ಮೇಲೆ ಸ್ವಲ್ಪ ನಿಧಾನವಾಗಿ. ಇಡೀ ಆಕಾಶಕ್ಕೆ ಹೊದಿಕೆ ಬಿದ್ದು, ಬೆಳಕು ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿ ಬರುತ್ತದೆ. ನೆರಳೇ ಇಲ್ಲ. ಜಲಪಾತಕ್ಕೆ, ಕಾಡಿನೊಳಗಿನ ಹಸಿರಿಗೆ ಒಳ್ಳೆಯ ಬೆಳಕು ಅದು. ಗುಡ್ಡದ ಸಾಲಿಗೆ ಅಲ್ಲ.

ಅಕ್ಟೋಬರ್ ಹೊತ್ತಿಗೆ ನೈಋತ್ಯ ಮಾರುತ ಹಿಂದೆ ಸರಿದು, ಗಾಳಿ ಮೂಡಣದಿಂದ ಬೀಸಲು ಶುರುವಾಗುತ್ತದೆ. ಬೆಳಗಿನಿಂದ ಬಿಸಿಲು ಕುಡಿದ ಬಯಲಿನ ಮೇಲೆ ಮಧ್ಯಾಹ್ನದ ನಂತರ ಗುಡುಗಿನ ಮೋಡಗಳು ಎತ್ತರಕ್ಕೆ ಬೆಳೆಯುತ್ತವೆ. ಪಶ್ಚಿಮದ ಆಕಾಶ ಎಷ್ಟೋ ಸಲ ತೆರೆದೇ ಇರುತ್ತದೆ. ಮೋಡದ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಬಿಸಿಲು ಬಿದ್ದ ಮೋಡದ ನೆತ್ತಿ ಬೆಳ್ಳಗೆ ಹೊಳೆಯುತ್ತದೆ. ಆದರೆ ದಪ್ಪ ಮೋಡವನ್ನು ದಾಟಿ ತಳಕ್ಕೆ ಇಳಿಯುವ ಬೆಳಕು ತೀರಾ ಕಡಿಮೆ. ಆ ಕಪ್ಪು ತಳವೇ ನಮ್ಮ ಚಿತ್ರದ ಹಿನ್ನೆಲೆ.

ಇನ್ನು ಬಿಸಿಲು. ನೀಲಿ ಬೆಳಕು ಗಾಳಿಯ ಅಣುಗಳಿಂದ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಸೂರ್ಯ ದಿಗಂತಕ್ಕೆ ಬಂದಾಗ ಅದರ ಕಿರಣ ದಾಟಬೇಕಾದ ಗಾಳಿ, ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 38 ಪಟ್ಟು. ದಾರಿಯಲ್ಲೇ ನೀಲಿ ಸೋರಿಹೋಗಿ ಹೊನ್ನಿನ ಬಣ್ಣ ಉಳಿಯುತ್ತದೆ. ಮಳೆ ಆಗಲೇ ಧೂಳನ್ನು ತೊಳೆದಿರುವುದರಿಂದ ದೂರದ ಬೆಟ್ಟದ ಅಂಚೂ ಚೂಪಾಗಿ ಕಾಣುತ್ತದೆ. 1,930 ಮೀಟರ್ ಎತ್ತರದ ಈ ಶಿಖರದಿಂದ, ಅಡ್ಡ ಏನೂ ಇಲ್ಲದಿದ್ದರೆ, ದಿಗಂತ ಸುಮಾರು 155 ಕಿಲೋಮೀಟರ್ ದೂರ. ಲೆಕ್ಕದ ಪ್ರಕಾರ ಕರಾವಳಿ ಅದರೊಳಗೇ ಬರುತ್ತದೆ. ಹಿಂದೆ ಹಡಗಿನವರು ಕುದುರೆಮುಖವನ್ನು ಸಮುದ್ರದಿಂದಲೇ ಗುರುತು ಹಿಡಿಯುತ್ತಿದ್ದುದೂ ಇದೇ ಲೆಕ್ಕದಿಂದ.

ಕ್ಯಾಮೆರಾ ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಎದುರಿಗಿರುವುದು ಸರಾಸರಿ ಬೂದು ಬಣ್ಣ ಎಂದುಕೊಂಡೇ ಅದರ ಮೀಟರ್ ಬೆಳಕು ಅಳೆಯುವುದು. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಮೋಡವೇ ಆದಾಗ, ಅದು ಎಲ್ಲವನ್ನೂ ಬೆಳ್ಳಗೆ ಮಾಡಲು ಹೊರಡುತ್ತದೆ. ಮೋಡ ಪೇಲವವಾಗಿ, ಹೊನ್ನಿನ ಹುಲ್ಲು ಸುಟ್ಟ ಬಿಳಿಯಾಗುತ್ತದೆ. ಒಂದು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೆ ತನ್ನಿ. ಮೊಬೈಲ್‌ನಲ್ಲಾದರೆ ಬೆಳಗಿದ ಹುಲ್ಲನ್ನು ಮುಟ್ಟಿ ಬೆಳಕು ತಗ್ಗಿಸಿ. ತುಂಬಿ ಬಿಳಿಯಾದ ಪಿಕ್ಸೆಲ್‌ನಲ್ಲಿ ಯಾವ ಮಾಹಿತಿಯೂ ಉಳಿದಿರುವುದಿಲ್ಲ. ಕತ್ತಲಲ್ಲಿ ಅಡಗಿದ್ದನ್ನು, ಅದರಲ್ಲೂ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲ್‌ನಿಂದ, ಆಮೇಲೆ ಮೇಲೆತ್ತಬಹುದು.

ಕಾಮನಬಿಲ್ಲು ಬೇಕಾದರೂ ಬೆನ್ನಿಗೇ ಸೂರ್ಯ ಇರಬೇಕು. ನಿಮ್ಮ ತಲೆಯ ನೆರಳು ಬೀಳುವ ದಿಕ್ಕನ್ನು ನಡುವಾಗಿಟ್ಟುಕೊಂಡು 42 ಡಿಗ್ರಿ ಆಚೆ ಅದು ಮೂಡುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಯಲಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣದು. ಅಕ್ಟೋಬರ್ ನಡುವಿನಲ್ಲಿ ಚಿಕ್ಕಮಗಳೂರಿನಲ್ಲಿ ಸೂರ್ಯ ಆ ಮಟ್ಟಕ್ಕೆ ಇಳಿಯುವುದು ಮಧ್ಯಾಹ್ನ ಮೂರರ ಸುಮಾರಿಗೆ. ಬಿಲ್ಲಿನ ಒಳಬದಿಯ ಆಕಾಶ ಹೊರಬದಿಗಿಂತ ಬೆಳಕಾಗಿರುವುದನ್ನೂ ಗಮನಿಸಿ; ಹೊರಗೆ 51 ಡಿಗ್ರಿಯಲ್ಲಿ ಎರಡನೆಯ ಬಿಲ್ಲು ಮೂಡಿದರೆ ಎರಡರ ನಡುವಿನ ಪಟ್ಟಿ ಕಪ್ಪಾಗಿ ಎದ್ದು ಕಾಣುತ್ತದೆ. ಒದ್ದೆ ಎಲೆಗಳ ಹೊಳಪು ಕಳೆಯಲು ಪೋಲರೈಸರ್ (ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್) ಹಾಕಿದ್ದರೆ ಒಂದು ಎಚ್ಚರಿಕೆ: ಕಾಮನಬಿಲ್ಲಿನ ಬೆಳಕು ಬಹುಪಾಲು ಧ್ರುವೀಕರಣಗೊಂಡದ್ದು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಫಿಲ್ಟರನ್ನು ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಬಿಲ್ಲಿನ ಒಂದು ಭಾಗ ಬಣ್ಣ ತುಂಬಿಕೊಳ್ಳಬಹುದು, ಇಲ್ಲವೇ ಮಾಯವೇ ಆಗಬಹುದು.

ಆದರೆ ಮೂಡಣದ ಆ ಮೋಡ ಹಲವು ಸಲ ನಿಮ್ಮ ಕಡೆಗೇ ಬರುತ್ತಿರುತ್ತದೆ. ಬೋಳು ಗುಡ್ಡದ ನೆತ್ತಿಯಲ್ಲಿ ಟ್ರೈಪಾಡ್ ಹಿಡಿದು ನಿಂತವರೇ ಅಲ್ಲಿ ಎಲ್ಲಕ್ಕಿಂತ ಎತ್ತರ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ ಮೂವತ್ತರ ಒಳಗೆ ಮುಗಿಯಿತೆಂದರೆ ಮೋಡ ಹತ್ತು ಕಿಲೋಮೀಟರ್ ಒಳಗಿದೆ. ಬೆಳಕು ಎಷ್ಟೇ ಚೆನ್ನಾಗಿರಲಿ, ಆಗ ಇಳಿದು ಕಾರಿನೊಳಗೆ ಕೂತು ಗಾಜು ಏರಿಸಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಮತ್ತೆ ಹತ್ತಬೇಡಿ.