ಒಂದು ಮಿಲಿಮೀಟರ್ ಬೆಳಕು: ಮನೆಯ ಪ್ರೊಜೆಕ್ಟರಿನೊಳಗಿನ ದೀಪ, ಎಲ್‌ಇಡಿ ಮತ್ತು ಲೇಸರ್

ಮನೆಯ ಗೋಡೆಯ ಮೇಲೆ ನೂರು ಇಂಚಿನ ಚಿತ್ರ ಮೂಡಿಸುವ ಪ್ರೊಜೆಕ್ಟರಿನೊಳಗೆ, ಆ ಚಿತ್ರ ರೂಪುಗೊಳ್ಳುವ ಚಿಪ್ ಕೈಬೆರಳಿನ ಉಗುರಿನಷ್ಟೇ ಇರುತ್ತದೆ. ಡಿಎಲ್‌ಪಿ (ಚಿಪ್‌ನ ಮೇಲಿನ ಲಕ್ಷಾಂತರ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ) ಪ್ರೊಜೆಕ್ಟರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 0.47 ಇಂಚಿನ ಚಿಪ್‌ನ ಕರ್ಣದ ಉದ್ದ ಸುಮಾರು 12 ಮಿಲಿಮೀಟರ್. ದೀಪ ಎಷ್ಟೇ ಪ್ರಖರವಾಗಿರಲಿ, ಅದರ ಬೆಳಕು ಈ ಪುಟ್ಟ ಚೌಕಟ್ಟಿನ ಮೇಲೆ, ಮಸೂರ ಹಿಡಿಯಬಲ್ಲ ಕೋನದಲ್ಲಿ ಬಿದ್ದರೆ ಮಾತ್ರ ಪ್ರಯೋಜನ. ಅಗಲವಾದ ಮೈಯಿಂದ ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕನ್ನು ಚಿಕ್ಕ ಜಾಗಕ್ಕೂ ಕಿರಿದಾದ ಕೋನಕ್ಕೂ ಒಟ್ಟಿಗೇ, ನಷ್ಟವಿಲ್ಲದೆ ಕುಗ್ಗಿಸುವ ಮಸೂರ ಇಲ್ಲ. ಭೌತಶಾಸ್ತ್ರ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಪ್ರೊಜೆಕ್ಟರಿನ ದೀಪವನ್ನು ಅಳೆಯುವಾಗ ನಾನು ಮೊದಲು ಕೇಳುವ ಪ್ರಶ್ನೆ, ಬೆಳಕು ಹುಟ್ಟುವ ಬಿಂದು ಎಷ್ಟು ಚಿಕ್ಕದು ಎಂಬುದು.

ಈ ಪ್ರಶ್ನೆಗೆ ಹಳೆಯ ಪಾದರಸದ ದೀಪ ಬಹಳ ಜಾಣ ಉತ್ತರ ನೀಡಿತ್ತು. 1990ರ ದಶಕದ ನಡುವಿನಲ್ಲಿ ಫಿಲಿಪ್ಸ್ ಸಂಸ್ಥೆ ಮಾರುಕಟ್ಟೆಗೆ ತಂದ ಯುಎಚ್‌ಪಿ ದೀಪದಲ್ಲಿ, ಸ್ಫಟಿಕ ಗಾಜಿನ ಗುಂಡಿನೊಳಗೆ ಎರಡು ಟಂಗ್‌ಸ್ಟನ್ ತುದಿಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ವಿದ್ಯುತ್ ಕಿಡಿ ಉರಿಯುತ್ತದೆ. ಒಳಗಿನ ಪಾದರಸದ ಆವಿಯ ಒತ್ತಡ ವಾತಾವರಣದ ಒತ್ತಡದ 200 ಪಟ್ಟಿನಷ್ಟು ಏರುತ್ತದೆ. ಆದರೆ ಈ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಬಳಸಿದಂತೆಲ್ಲ ದೀಪ ಮಂಕಾಗುತ್ತದೆ, ಕೆಲವು ಸಾವಿರ ಗಂಟೆಗಳಲ್ಲಿ ಅದರ ಪ್ರಖರತೆ ಅರ್ಧಕ್ಕಿಳಿಯುತ್ತದೆ.

ಎಲ್‌ಇಡಿಯ ತೊಡಕು ಇದಕ್ಕೆ ವಿರುದ್ಧವಾದದ್ದು. ಅದರ ಬಣ್ಣಗಳು ಶುದ್ಧ, ಆಯುಷ್ಯ ದೀರ್ಘ. ಕೆಂಪು, ಹಸಿರು, ನೀಲಿ ದೀಪಗಳನ್ನು ಕ್ಷಣಾರ್ಧಕ್ಕೂ ಬೇಗ ಹೊತ್ತಿಸಿ ಆರಿಸಬಹುದಾದ್ದರಿಂದ ಬಿಳಿ ದೀಪದಿಂದ ಬಣ್ಣಗಳನ್ನು ಸರದಿಯಂತೆ ಪಡೆಯಲು ಬಳಸುವ ತಿರುಗುವ ಬಣ್ಣದ ಚಕ್ರವೂ ಬೇಡ. ಆದರೆ ಅದು ಅಗಲವಾದ ಮೈಯಿಂದ ಬೆಳಕು ಸೂಸುವ ಸಾಧನ. ಹೆಚ್ಚು ಬೆಳಕು ಬೇಕೆಂದು ಮೈಯನ್ನು ಹಿಗ್ಗಿಸಿದರೆ, ಹೆಚ್ಚುವರಿ ಬೆಳಕು ಚಿಪ್‌ನ ಅಂಚಿನಾಚೆ ಚೆಲ್ಲಿಹೋಗುತ್ತದೆ. ಎಲ್‌ಇಡಿ ಪ್ರೊಜೆಕ್ಟರುಗಳು ಪ್ರಖರತೆಯಲ್ಲಿ ಹಿಂದುಳಿದದ್ದಕ್ಕೆ ಇದೇ ಮುಖ್ಯ ಕಾರಣ.

ಹಾಗೆಂದು ಅವುಗಳನ್ನು ತಳ್ಳಿಹಾಕುವುದು ತಪ್ಪು. ಚಿತ್ರಮಂದಿರದ ಪರದೆಗೆ ಒಪ್ಪಿತವಾದ ಪ್ರಖರತೆ 48 ನಿಟ್ (ಪರದೆಯ ಹೊಳಪನ್ನು ಅಳೆಯುವ ಮಾನ). ನೂರು ಇಂಚಿನ ಅಗಲ ಪರದೆಯ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. ಸಾಮಾನ್ಯ ಬಿಳಿ ಪರದೆಯಲ್ಲಿ ಅಷ್ಟು ಪ್ರಖರತೆ ಬರಲು ಲೆಕ್ಕದ ಪ್ರಕಾರ ಬೇಕಾಗುವುದು 420 ಲ್ಯುಮೆನ್‌ಗಿಂತ (ಪ್ರೊಜೆಕ್ಟರ್ ಸೂಸುವ ಒಟ್ಟು ಬೆಳಕಿನ ಮಾನ) ಕಡಿಮೆ. ಕೋಣೆಯನ್ನು ನಿಜವಾಗಿ ಕತ್ತಲಾಗಿಸಬಲ್ಲವರಿಗೆ ಉತ್ತಮ ಎಲ್‌ಇಡಿ ಸಾಕು. ಸಾವಿರಾರು ಲ್ಯುಮೆನ್‌ಗಳ ಅಗತ್ಯ ಹುಟ್ಟುವುದು ಕಿಟಕಿಯ ಬೆಳಕು ಒಳನುಗ್ಗುವ ಹಜಾರದಲ್ಲಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗಾಢ ಬಣ್ಣಗಳು ಕಣ್ಣಿಗೆ ಅವುಗಳ ಅಳತೆಗಿಂತ ಹೆಚ್ಚು ಪ್ರಖರವಾಗಿ ತೋರುತ್ತವೆ, ಮತ್ತು ಈ ನೆಪದಲ್ಲಿ ಕೆಲವು ಪೆಟ್ಟಿಗೆಗಳ ಮೇಲೆ ‘ಎಲ್‌ಇಡಿ ಲ್ಯುಮೆನ್’ ಎಂಬ ಉಬ್ಬಿಸಿದ ಅಂಕಿ ಅಚ್ಚಾಗುತ್ತದೆ. ಆನ್ಸಿ ಅಥವಾ ಐಎಸ್‌ಒ ಎಂಬ ಮಾನಕ ಸಂಸ್ಥೆಗಳ ಪದ್ಧತಿಯಲ್ಲಿ ಅಳೆದ ಅಂಕಿಯನ್ನೇ ಹೋಲಿಸಬೇಕು.

ಅಗಲದ ಸಮಸ್ಯೆಯನ್ನು ಬಗೆಹರಿಸಿದ್ದು ನೀಲಿ ಲೇಸರ್. ಲೇಸರ್ ಕಿರಣವನ್ನು ಬಹಳ ಸಣ್ಣ ಚುಕ್ಕೆಯಾಗಿ ಕೇಂದ್ರೀಕರಿಸಬಹುದು. ‘ಲೇಸರ್-ಫಾಸ್ಫರ್’ ಮಾದರಿಯಲ್ಲಿ ನೀಲಿ ಲೇಸರ್‌ಗಳ ಗುಂಪು ಫಾಸ್ಫರ್ (ಬೆಳಕು ಬಿದ್ದಾಗ ಬೇರೆ ಬಣ್ಣದಲ್ಲಿ ಹೊಳೆಯುವ ವಸ್ತು) ಲೇಪಿಸಿದ ತಟ್ಟೆಯ ಮೇಲೆ ಅಂಥ ಚುಕ್ಕೆಯೊಂದನ್ನು ಬೀಳಿಸುತ್ತದೆ, ಆ ಚುಕ್ಕೆ ಹಳದಿ ಬೆಳಕಿನಿಂದ ಹೊಳೆಯುತ್ತದೆ. ಒಂದೇ ಜಾಗ ಕಾದರೆ ಫಾಸ್ಫರ್ ಸೊರಗುವುದರಿಂದ ತಟ್ಟೆ ಸದಾ ವೇಗವಾಗಿ ತಿರುಗುತ್ತಿರುತ್ತದೆ. ಹಳದಿಯನ್ನು ಸೀಳಿ ಕೆಂಪು, ಹಸಿರುಗಳನ್ನು ಪಡೆಯುತ್ತಾರೆ. ಇಲ್ಲಿಯೂ ಕೆಂಪು ಬಡವೇ: ಗಾಢ ಕೆಂಪಿಗಾಗಿ ಶೋಧಕವನ್ನು ಅಡ್ಡ ಇಟ್ಟರೆ ಪ್ರಖರತೆ ತಗ್ಗುತ್ತದೆ.

ಮೂರು ಬಣ್ಣಗಳಿಗೂ ಪ್ರತ್ಯೇಕ ಲೇಸರ್ ಬಳಸಿದಾಗ ಈ ಕೊರತೆ ನೀಗುತ್ತದೆ. 2012ರಲ್ಲಿ ಪ್ರಕಟವಾದ ಬಿಟಿ.2020 ಎಂಬ, ಅತಿ ಸ್ಪಷ್ಟ ಟಿವಿ ಚಿತ್ರದ ಮಾನದಂಡ 630, 532 ಮತ್ತು 467 ನ್ಯಾನೋಮೀಟರ್ ತರಂಗಾಂತರಗಳ ಏಕವರ್ಣ ಬೆಳಕನ್ನೇ ಮೂಲ ಬಣ್ಣಗಳಾಗಿ ಇಟ್ಟುಕೊಂಡಿದೆ; ಅದರ ಹತ್ತಿರಕ್ಕೆ ಹೋಗಲು ಲೇಸರೇ ಸಹಜ ದಾರಿ. ಆದರೆ ಅಷ್ಟು ಶುದ್ಧವಾದ ಬೆಳಕಿಗೆ ತನ್ನದೇ ಕಾಟಗಳಿವೆ. ಪರದೆಯ ಒರಟು ಮೈಯಿಂದ ಚದುರಿದ ಲೇಸರ್ ಅಲೆಗಳು ಒಂದನ್ನೊಂದು ಕೂಡಿ, ಕಳೆದು, ಚಿತ್ರದ ಮೇಲೆ ಸಣ್ಣ ಮರಳು ಉದುರಿಸಿದಂತೆ ಕಾಳುಕಾಳಾದ ಮಿನುಗನ್ನು ಉಂಟುಮಾಡುತ್ತವೆ. ಇದು ಸ್ಪೆಕಲ್. ಕಂಪಿಸುವ ಅಥವಾ ತಿರುಗುವ, ಬೆಳಕು ಚದುರಿಸುವ ಗಾಜು ಇದನ್ನು ಗಣನೀಯವಾಗಿ ತಗ್ಗಿಸುತ್ತದೆ. ಇನ್ನೊಂದು ಕಾಟ ನಮ್ಮ ಕಣ್ಣಿನಲ್ಲೇ ಇದೆ. ಬಣ್ಣ ಗ್ರಹಿಸುವ ಕೋಶಗಳ ಸಂವೇದನೆ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ, ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ಆದ್ದರಿಂದ ಮೊಮ್ಮಗಳಿಗೆ ಅಚ್ಚ ಬಿಳಿಯಾಗಿ ಕಂಡ ಲೇಸರ್ ಚಿತ್ರ ಅಜ್ಜನಿಗೆ ತುಸು ಬಣ್ಣ ಹತ್ತಿದಂತೆ ಕಾಣಬಹುದು. ಅಗಲ ವರ್ಣಪಟಲದ ದೀಪದಲ್ಲಿ ಈ ಭೇದ ಬಹುಮಟ್ಟಿಗೆ ಮಾಸಿಹೋಗುತ್ತದೆ.

ಆಯುಷ್ಯದ ಲೆಕ್ಕವನ್ನೂ ಬಿಡಿಸಿ ನೋಡಬೇಕು. ದಿನಕ್ಕೆ ಮೂರು ಗಂಟೆ ನೋಡುವ ಮನೆಯಲ್ಲಿ 4,000 ಗಂಟೆಗಳ ದೀಪ ಮೂರೂವರೆ ವರ್ಷ ಬಾಳಿದರೆ, 20,000 ಗಂಟೆಗಳ ಲೇಸರ್ ಹದಿನೆಂಟು ವರ್ಷ ದಾಟುತ್ತದೆ. ಆದರೆ ಮುಗಿದ ದೀಪವನ್ನು ನಾವೇ ಕಳಚಿ ಹೊಸದನ್ನು ಕೂರಿಸಬಹುದು. ಲೇಸರ್ ಘಟಕ ನಡುವೆ ಕೆಟ್ಟರೆ ಸಾಮಾನ್ಯವಾಗಿ ಇಡೀ ಯಂತ್ರ ದುರಸ್ತಿಗೆ ಹೋಗಬೇಕಾಗುತ್ತದೆ. ಕಳಚಿದ ದೀಪದಲ್ಲಿ ಪಾದರಸ ಇರುವುದರಿಂದ ಅದನ್ನು ಮನೆಯ ಕಸಕ್ಕೆ ಸೇರಿಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಉರಿಯುತ್ತಿರುವಾಗಲೇ ಅದು ಒಡೆದರೆ ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳನ್ನು ಕರೆದುಕೊಂಡು ಕೋಣೆಯಿಂದ ಹೊರಬರಬೇಕು.