ನಾಗರಹೊಳೆಯಲ್ಲಿ ಏನನ್ನು ನೋಡಬೇಕು: ಕೂಲಿ, ಸಮಿತಿ, ಹಕ್ಕು

ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿದೆ. 1955ರಲ್ಲಿ ಅಭಯಾರಣ್ಯವಾದ ಈ ಕಾಡು 2007ರಲ್ಲಿ ಪ್ರತ್ಯೇಕ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕೋರ್, ಅಂದರೆ ಹುಲಿಗೆಂದೇ ಮೀಸಲಾದ ಒಳಭಾಗ ಸುಮಾರು 643 ಚದರ ಕಿ.ಮೀ. 2022ರ ಗಣತಿಯಲ್ಲಿ ಇಲ್ಲಿ 141, ಪಕ್ಕದ ಬಂಡೀಪುರದಲ್ಲಿ 150 ಹುಲಿಗಳ ಅಂದಾಜು ಸಿಕ್ಕಿತು.

‘ಸ್ಥಳೀಯರ ಸಹಭಾಗಿತ್ವದಿಂದ ಸಂರಕ್ಷಣೆ’ ಎಂಬ ಒಂದು ಸಾಲು ಪರೀಕ್ಷೆಗೆ ಓದುವ ಎಲ್ಲ ನೋಟ್ಸ್‌ಗಳಲ್ಲೂ ಇರುತ್ತದೆ. ಆ ಸಾಲಿನೊಳಗೆ ಕೂಲಿ, ಸಮಿತಿ, ಹಕ್ಕು ಎಂಬ ಮೂರು ಬೇರೆ ಬೇರೆ ಸಂಬಂಧಗಳಿವೆ. ಇವನ್ನು ಬೆರೆಸಿದರೆ ಉತ್ತರ ಪತ್ರಿಕೆಯಲ್ಲೂ ತಪ್ಪಾಗುತ್ತದೆ, ಕಾಡಿನ ಜನರಿಗೂ ಅನ್ಯಾಯವಾಗುತ್ತದೆ.

ಕೂಲಿ

ಕಾಡಿನ ದಿನನಿತ್ಯದ ಕಾವಲು ನಿಂತಿರುವುದು ವಾಚರ್‌ಗಳ ಕಾಲ ಮೇಲೆ. ಇವರಲ್ಲಿ ಹಾಡಿಗಳಿಂದ (ಆದಿವಾಸಿಗಳ ಊರುಗಳಿಂದ) ಬಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಬಹಳ ಮಂದಿ. ಕಳ್ಳಬೇಟೆ ತಡೆ ಶಿಬಿರದಲ್ಲಿ ತಂಡವಾಗಿ ಉಳಿದು, ತಮ್ಮ ಕಾವಲಿನ ಪ್ರದೇಶವಾದ ಬೀಟ್ ಉದ್ದಕ್ಕೂ ನಡೆದು, ಉರುಳು, ಹೊಸ ಹೆಜ್ಜೆ, ಒಲೆ ಹಚ್ಚಿದ ಗುರುತು ಹುಡುಕುತ್ತಾರೆ. ಬಳ್ಳೆ, ಮತ್ತಿಗೋಡು ಆನೆ ಶಿಬಿರಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬಹುಪಾಲು ಇದೇ ಸಮುದಾಯಗಳವರು. ದಸರೆಯಲ್ಲಿ ನಾವು ನೋಡುವ ಆನೆಗಳಲ್ಲಿ ಕೆಲವು, ಹುಲಿ ಹೊಲಕ್ಕೆ ಇಳಿದಾಗ ಅದನ್ನು ಹುಡುಕುವ ಕೂಂಬಿಂಗ್‌ಗೂ ಹೋಗುತ್ತವೆ.

ಹೆಚ್ಚು ಗಮನ ಕೊಡಬೇಕಾದದ್ದು ಬೆಂಕಿ ಕಾವಲಿಗೆ. ಕಾಡಿನ ಪೂರ್ವದ ಅಂಚು ಎಲೆ ಉದುರಿಸುವ ಒಣ ಕಾಡು. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಅಪಾಯ. ಅದಕ್ಕೂ ಮೊದಲೇ ದಾರಿಗಳ ಇಕ್ಕೆಲದ ಹುಲ್ಲು, ಪೊದೆ ಕಡಿದು, ಒಣಗಿಸಿ, ಕಾವಲಿದ್ದು ಸುಟ್ಟು ಬೆಂಕಿ ರೇಖೆ ಮಾಡಬೇಕು. ಇಲ್ಲಿ ಎರಡು ಎಡವಟ್ಟುಗಳಾಗುತ್ತವೆ. ಕಡಿದ ಹುಲ್ಲನ್ನು ಸುಡದೆ ಬಿಟ್ಟರೆ ಅದೇ ಉರುವಲು. ರೇಖೆ ಸರಿಯಾಗಿದ್ದರೂ ಆಮೇಲೆ ಉದುರಿದ ತರಗೆಲೆ ಮೇಲೆ ಬಿದ್ದು ಬೆಂಕಿಗೆ ಸೇತುವೆಯಾಗುತ್ತದೆ. ಅದನ್ನು ಮತ್ತೆ ಗುಡಿಸಲೇಬೇಕು. ಲಂಟಾನ ಎಂಬ ಕಳೆ ಪೊದೆ ಹಬ್ಬಿದ ಕಡೆ ನೆಲದ ಬೆಂಕಿ ಪೊದೆ ಹತ್ತಿ ಮರದ ಕೊಂಬೆಗೆ ಏರುತ್ತದೆ. ಅದರ ನೆರಳಲ್ಲಿ ಹುಲ್ಲೂ ಬೆಳೆಯದು, ಜಿಂಕೆಗೆ ಮೇವೂ ಇಲ್ಲ. ಬಲಿಪ್ರಾಣಿ ಕಡಿಮೆಯಾದರೆ ಹುಲಿಯೂ ಕಡಿಮೆ: ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಬೇಲಿ, ಕ್ಯಾಮೆರಾಗಳ ಬಗ್ಗೆ ಬರೆಯುವಷ್ಟು ಪುಟಗಳನ್ನು ಈ ಕೂಲಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆಯಬೇಕು.

ಸಮಿತಿ

ಕಾಡಂಚಿನ ಹಳ್ಳಿಗಳ ಪರಿಸರ ಅಭಿವೃದ್ಧಿ ಸಮಿತಿಗಳು ಸೌದೆ, ಮೇವಿಗಾಗಿ ಕಾಡಿನ ಮೇಲೆ ಬೀಳುವ ಭಾರ ಇಳಿಸಲೆಂದು ಇರುವವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಎಕ್ಸ್ ಕಲಮಿನಡಿ ಹುಲಿ ಸಂರಕ್ಷಣಾ ಪ್ರತಿಷ್ಠಾನ ರಚನೆಯಾಗುತ್ತದೆ. ಪ್ರವಾಸಿಗರಿಂದ ಬರುವ ಹಣ ಸ್ಥಳೀಯವಾಗಿ ಉಳಿಯಲಿ ಎಂಬುದೇ ಅದರ ಆಶಯ. ನಿಮ್ಮ ಸಫಾರಿ ಶುಲ್ಕದಲ್ಲಿ ಎಷ್ಟು ಆ ಹಳ್ಳಿಗೆ ತಲುಪಿತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹಕ್ಕು

ಕೂಲಿ ಕೊಟ್ಟವರು ನಿಲ್ಲಿಸಬಹುದು, ಹಕ್ಕು ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯ ಅರಣ್ಯವನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನೂ ಕೊಡುತ್ತದೆ. ಹುಲಿ ಕಾಡಿನಿಂದ ಸ್ಥಳಾಂತರ ಮಾಡಬೇಕಾದರೆ ಮೊದಲು ಹಕ್ಕುಗಳ ಇತ್ಯರ್ಥ, ಆಮೇಲೆ ಗ್ರಾಮಸಭೆಯ ಒಪ್ಪಿಗೆ. ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ವಿ ಕಲಮಿನಲ್ಲೇ ಇದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಕೋರ್‌ನಲ್ಲಿ ದೇಶಕ್ಕೇ ಅದು ಮೊದಲು. ನಾಗರಹೊಳೆಯ ಚಿತ್ರ ಬೇರೆ. ಇಲ್ಲಿಂದ ಅನೇಕ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರ ಪುನರ್ವಸತಿ ಕೇಂದ್ರಕ್ಕೆ ಬಂದವು. 2025ರ ಮೇ ತಿಂಗಳಲ್ಲಿ ಕೊಡಗಿನ ಭಾಗದಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಜಾಗಕ್ಕೆ ಹಕ್ಕು ಕೇಳಿ ಹಿಂದಿರುಗಿದವು. ಹಾಗಾಗಿ ‘ಸ್ಥಳೀಯರು ಸಂತೋಷದಿಂದ ಸಹಕರಿಸುತ್ತಿದ್ದಾರೆ’ ಎಂದು ಬರೆದು ಮುಗಿಸಬೇಡಿ.

ಭೇಟಿಯ ತಯಾರಿ

ಮೈಸೂರಿನಿಂದ ಎಚ್.ಡಿ. ಕೋಟೆ ಸುಮಾರು 50 ಕಿ.ಮೀ.; ಅದರಾಚೆ ದಮ್ಮನಕಟ್ಟೆ ಸಫಾರಿ ಕೇಂದ್ರ. ಹುಣಸೂರು ಕಡೆಯಿಂದಾದರೆ ವೀರನಹೊಸಹಳ್ಳಿ. ಸ್ವಂತ ವಾಹನದಲ್ಲಿ ಸಫಾರಿ ಇಲ್ಲ. ಮೈಸೂರು–ಮಾನಂದವಾಡಿ ರಸ್ತೆ ಕಾಡೊಳಗೆ ರಾತ್ರಿ ಮುಚ್ಚಿರುತ್ತದೆ, ಸಂಜೆಯ ಲೆಕ್ಕ ತಪ್ಪಬಾರದು. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ದಂಡೆಯಲ್ಲಿ ಹುಲ್ಲು ಚಿಗುರಿದಾಗ ಆನೆಗಳ ಹಿಂಡು ಸೇರುವುದನ್ನು ನೋಡಬಹುದು.

ಕಾಡೊಳಗೆ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಜಿಂಕೆ ಸಣ್ಣ ಅನುಮಾನಕ್ಕೂ ಕೂಗುತ್ತದೆ. ಕಡವೆ ಬಿಡದೆ ಕೂಗಿದರೆ ಹುಲಿಯೋ ಚಿರತೆಯೋ ಇರುವ ಸಾಧ್ಯತೆ ಹೆಚ್ಚು. ಹುಲಿ ಕಂಡಾಗ ಜೀಪುಗಳೆಲ್ಲ ಒಂದೆಡೆ ನುಗ್ಗುವುದೇ ದೊಡ್ಡ ತಪ್ಪು: ಅದರ ದಾರಿ ಕಟ್ಟಿಹೋಗುತ್ತದೆ, ಮರಿ ಇದ್ದರೆ ತಾಯಿ ಗಾಬರಿಯಾಗುತ್ತದೆ. 2012ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಪ್ರಾಣಿಯಿಂದ 20 ಮೀಟರ್, ವಾಹನಗಳ ನಡುವೆ 50 ಮೀಟರ್ ಅಂತರ ಇರಬೇಕು. ಮಲಗಿದ ಹುಲಿಯ ಬಳಿ 15 ನಿಮಿಷ ಮೀರಬಾರದು. ‘ಇನ್ನೂ ಹತ್ತಿರ ಹೋಗಿ’ ಎಂದು ಚಾಲಕರನ್ನು ಒತ್ತಾಯಿಸಬೇಡಿ.

ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸಲಾಯಿತು. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಹಾಡಿಗೆ ಹೋಗುವುದಿದ್ದರೆ ಇಲಾಖೆಯ ಅನುಮತಿಯ ಜೊತೆಗೆ ಅಲ್ಲಿನ ಹಿರಿಯರ ಒಪ್ಪಿಗೆಯನ್ನೂ ಪಡೆಯಿರಿ. ಅವರು ಬೇಡವೆಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ.